ಯಾರ ಊರು, ಯಾವ ಕಾಲದ್ದು?

ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ವಸಾಹತು ಕಾಲದಲ್ಲಿ ಇದ್ದ ಹಾಗೇ ಉಳಿದುಕೊಂಡಿದೆ ಎಂದು ಕಳೆದ ಸಂಚಿಕೆಯ ಪ್ರವಾಸ ಲೇಖನ ಕೊಂಡಾಡಿದೆ. ಹಾಗೇನೂ ಇಲ್ಲ. 1780ರಲ್ಲಿ ರಾಜಧಾನಿ ರಿಚ್ಮಂಡ್‌ಗೆ ಹೋಯಿತು, ಮರುವರ್ಷ ಗವರ್ನರನ ಅರಮನೆ ಸುಟ್ಟುಹೋಯಿತು. ಈಗ ಪ್ರವಾಸಿಗರು ಫೋಟೋ ತೆಗೆಯುವ ಅರಮನೆ ರಾಕ್‌ಫೆಲರ್ ಹಣದಿಂದ 1930ರ ದಶಕದಲ್ಲಿ ಎದ್ದದ್ದು.

ಶಾಸನಸಭೆಯ ಕಟ್ಟಡದ ಕಥೆ ಇನ್ನೂ ಸೊಗಸು. ಶಾಸಕ ಪ್ಯಾಟ್ರಿಕ್ ಹೆನ್ರಿ ಬ್ರಿಟಿಷರ ಸ್ಟಾಂಪ್ ತೆರಿಗೆಯ ವಿರುದ್ಧ ಗುಡುಗಿದ ಗೋಡೆಗಳನ್ನು ಮುಟ್ಟಿ ಲೇಖಕರು ಪುಳಕಗೊಂಡಿದ್ದಾರೆ. ಆತ ಮಾತಾಡಿದ್ದು 1765ರಲ್ಲಿ, ಅಲ್ಲಿದ್ದ ಎರಡನೆಯ ಕಟ್ಟಡದಲ್ಲಿ. ಮರುನಿರ್ಮಾಣ ಮಾಡಿದವರು ಆರಿಸಿಕೊಂಡದ್ದು 1747ರಲ್ಲೇ ಸುಟ್ಟುಹೋಗಿದ್ದ ಮೊದಲನೆಯದರ ನಕ್ಷೆಯನ್ನು! ಪುಳಕಕ್ಕೆ ನನ್ನ ತಕರಾರಿಲ್ಲ, ವಿಳಾಸಕ್ಕಿದೆ.

ಉಳಿಸಿದವರೇ ಕೆಡವಿದ್ದೂ ಉಂಟು. ಅಮೆರಿಕನ್ ಕ್ರಾಂತಿಯ ಹೊತ್ತಿಗೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುಜನಾಂಗದವರು, ಬಹುಪಾಲು ಗುಲಾಮರು. ಅವರ ಬ್ಯಾಪ್ಟಿಸ್ಟ್ ಸಭೆ 1856ರಲ್ಲಿ ಕಟ್ಟಿಸಿದ ಇಟ್ಟಿಗೆಯ ಚರ್ಚು ವಸಾಹತು ಕಾಲದ್ದಲ್ಲವೆಂದು 1950ರ ದಶಕದಲ್ಲಿ ನೆಲಸಮವಾಯಿತು, ಆಮೇಲೆ ಜಾಗ ವಾಹನ ನಿಲುಗಡೆಗೆ ಹೋಯಿತು. 2020ರಲ್ಲಿ ಉತ್ಖನನ ಶುರುವಾದಾಗ ಅದಕ್ಕೂ ಹಿಂದಿನ ಅವರ ಪ್ರಾರ್ಥನಾ ಮಂದಿರದ ಅಡಿಪಾಯ ಸಿಕ್ಕಿತು, ಸಮಾಧಿಗಳೂ ಸಿಕ್ಕವು. ಗುಲಾಮರ ಮಕ್ಕಳು ಅಕ್ಷರ ಕಲಿತ 1760ರ ಬ್ರೇ ಶಾಲೆಯ ಕಟ್ಟಡವಂತೂ ಊರಿನ ಕಾಲೇಜೊಂದರ ಆವರಣದಲ್ಲಿ ಗುರುತು ಸಿಗದೆ ನಿಂತಿತ್ತು. 2023ರಲ್ಲಷ್ಟೇ ಅದನ್ನು ಐತಿಹಾಸಿಕ ವಲಯಕ್ಕೆ ತಂದರು. ಇಡೀ ಊರಲ್ಲಿ ನಿಜಕ್ಕೂ ಹಳೆಯದಾದ ಕಟ್ಟಡಗಳಲ್ಲಿ ಅದೂ ಒಂದು. ಹೋಟೆಲು, ಕುದುರೆಗಾಡಿ, ವಿಗ್ಗುಗಳಿಗೆ ಅರ್ಧ ಪುಟ ಕೊಟ್ಟ ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.