ಅಧಿಕಾರಿಯ ಅಪರಾಧಕ್ಕೆ ದಂಡ ತೆರುವವರಾರು?

ಕೊತ್ತತ್ತಿಯ ಕಡೆಯ ಕಬ್ಬು ಬೆಳೆಗಾರನೊಬ್ಬನ ಎತ್ತು ನೆರೆಯವನ ಪೈರನ್ನು ಮೇಯ್ದರೆ ಅವನು ನಷ್ಟ ಕಟ್ಟಿಕೊಡಬೇಕು. ಕೊಡದಿದ್ದರೆ ಅವನನ್ನು ಮಂಡ್ಯದ ನ್ಯಾಯಾಲಯಕ್ಕೆ ಎಳೆಯಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅದೇ ಬೆಳೆಗಾರನನ್ನು ಪೊಲೀಸ್ ಅಧಿಕಾರಿಯೊಬ್ಬನು ಅಕ್ರಮವಾಗಿ ಕೂಡಿಹಾಕಿ ಥಳಿಸಿದನೆನ್ನಿ. ಆಗ 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೆಯ ಕಲಂ ಅಡ್ಡ ನಿಲ್ಲುತ್ತದೆ. ಕರ್ತವ್ಯದ ನೆಪದಲ್ಲಾಗಲಿ, ಅದರ ಎಲ್ಲೆ ಮೀರಿಯಾಗಲಿ ಎಸಗಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆಯೂ ಇಲ್ಲ, ದಾವೆಯೂ ಇಲ್ಲ. 2020ರಲ್ಲಿ ಕರ್ನಾಟಕದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಕಲಮನ್ನು ಎತ್ತಿಹಿಡಿದು, ಅನುಮತಿಯಿಲ್ಲವೆಂಬ ಕಾರಣಕ್ಕೆ ಅಧಿಕಾರಿಯ ಮೇಲಿನ ದೂರನ್ನು ರದ್ದುಪಡಿಸಿತು. ಏಟು ಕೊಟ್ಟವನ ಯಜಮಾನನಲ್ಲಿಯೇ ಏಟು ತಿಂದವನು ಅಪ್ಪಣೆ ಬೇಡಬೇಕು. ಇದೆಂತಹ ನ್ಯಾಯ?

ಈ ವ್ಯಾಧಿ ಹಳೆಯದು. 1947ರಲ್ಲಿ ಮೀರತ್ತಿನ ಪೊಲೀಸರು ವ್ಯಾಪಾರಿಯೊಬ್ಬನ ಚಿನ್ನವನ್ನು ವಶಪಡಿಸಿಕೊಂಡರು. ಅದರ ಕಾವಲಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲನೇ ಅದನ್ನು ಕದ್ದು ಪಾಕಿಸ್ತಾನಕ್ಕೆ ಓಡಿದನು. 1964ರ ಕಸ್ತೂರಿಲಾಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸರ್ಕಾರದ ಸಾರ್ವಭೌಮ ಕಾರ್ಯವೆಂದು ಪರಿಗಣಿಸಿ ಪರಿಹಾರವನ್ನು ನಿರಾಕರಿಸಿತು! ಆದರೆ ಶಾಸನ ಮಾಡಿರೆಂದೂ ಹೇಳಿತು. ಕಾನೂನು ಆಯೋಗವು 1956ರಲ್ಲಿಯೇ ಹಾಗೆ ಹೇಳಿತ್ತು. 1965ರಲ್ಲಿ, ಮತ್ತೆ 1967ರಲ್ಲಿ ಸಂಸತ್ತಿಗೆ ಬಂದ ಮಸೂದೆಗಳು ಬಿದ್ದುಹೋದವು.

1983ರ ರುದುಲ್ ಸಾಹ್ ತೀರ್ಪಿನಿಂದ ನ್ಯಾಯಾಲಯಗಳು ತಾವೇ ಪರಿಹಾರ ಕೊಡತೊಡಗಿವೆ. ಬಿಡುಗಡೆಯ ಆದೇಶವಾದ ಬಳಿಕವೂ 14 ವರ್ಷ ಸೆರೆಯಲ್ಲಿ ಕೊಳೆತವನಿಗೆ ದೊರೆತದ್ದು ಒಟ್ಟು 35,000 ರೂಪಾಯಿ. 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಅಕಾರಣವಾಗಿ ಕೈಕೋಳ ತೊಡಿಸಿದ್ದಕ್ಕೆ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಕೊಡಿಸಿ, ತಪ್ಪಿತಸ್ಥ ಅಧಿಕಾರಿಯಿಂದ ಅದನ್ನು ವಸೂಲು ಮಾಡಿಕೊಳ್ಳಲು ಸರ್ಕಾರಕ್ಕೆ ಸ್ವಾತಂತ್ರ್ಯವಿತ್ತಿತು. ಸ್ತುತ್ಯವೇ ಸರಿ. ಆದರೆ ಇದು ನ್ಯಾಯಮೂರ್ತಿಗಳ ವಿವೇಚನೆಗೆ ಬಿಟ್ಟದ್ದು. ಹಳ್ಳಿಗನು ಹಕ್ಕೆಂದು ಹಿಡಿದು ಕೇಳುವ ಶಾಸನವಲ್ಲ.

ಸೋಜಿಗವೆಂದರೆ, ತತ್ತ್ವವನ್ನು ನಮ್ಮ ಸರ್ಕಾರ ಆಗಲೇ ಒಪ್ಪಿದೆ. 2011ರ ಸಕಾಲ ಅಧಿನಿಯಮದಂತೆ ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಸಲ್ಲಬೇಕು. ಅದು ತಪ್ಪಿತಸ್ಥ ನೌಕರನಿಂದಲೇ ವಸೂಲಾಗಬೇಕು. ಕಾಗದ ತಡವಾದರೆ ದಂಡ, ಮೈ ಮುರಿದರೆ ಅನುಮತಿಗಾಗಿ ಅರ್ಜಿ!

ಮಠದಲ್ಲಿ ಓದಿ ಸರ್ಕಾರಿ ಹುದ್ದೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಮಾತು ಕಹಿಯೆನಿಸೀತು. ದಾವೆಯ ಭಯದಿಂದ ಯಾರೂ ಕೆಲಸ ಮಾಡಲಾರರೆಂಬ ಅವರ ಆಕ್ಷೇಪ ಹುರುಳಿಲ್ಲದ್ದಲ್ಲ. ಅಮೆರಿಕದ ಕೊಲೊರಾಡೊ ರಾಜ್ಯವು 2020ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಪೊಲೀಸನ ಮೇಲೆ ದಾವೆ ಹೂಡಬಹುದು. ಸದುದ್ದೇಶದಿಂದ ನಡೆದಿದ್ದರೆ ಹಣವನ್ನು ಅವನ ಇಲಾಖೆ ತೆರುತ್ತದೆ. ಇಲ್ಲವಾದರೆ ನೂರಕ್ಕೆ 5ರಷ್ಟು, ಅಥವಾ 25,000 ಡಾಲರ್, ಇವೆರಡರಲ್ಲಿ ಕಡಿಮೆಯಾದುದನ್ನು ಅವನೇ ತೆರಬೇಕು. ಪ್ರಾಮಾಣಿಕ ಅಧಿಕಾರಿಗೆ ಇದರಲ್ಲಿ ಅಂಜಿಕೆಯೇನು?

ಹಾನಿಗಾಗಿ ದಾವೆ ಹೂಡುವ ವಿಷಯವು ಸಂವಿಧಾನದ ಸಮವರ್ತಿ ಪಟ್ಟಿಯ 8ನೆಯ ನಮೂದಿನಲ್ಲಿದೆ. ದೆಹಲಿಯ ಕಡೆ ಕೈ ತೋರಿಸುವ ನೆಪ ನಡೆಯದು. 170ನೆಯ ಕಲಮಿನಿಂದ ‘ದಾವೆ’ ಎಂಬ ಪದವನ್ನು ತೆಗೆಯಲು ವಿಧಾನಸೌಧಕ್ಕೆ ಒಂದು ಪುಟದ ತಿದ್ದುಪಡಿ ಸಾಕು. ಮಂಡ್ಯ, ಮದ್ದೂರು, ಮಳವಳ್ಳಿಯ ಸದ್ಭಕ್ತರು ತಮ್ಮ ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮುನ್ನ ಇದನ್ನು ಬರೆದು ಕೈಗೆ ಕೊಡಲಿ.