ಚೈನು ಹಿಡಿಯುವವರು ಯಾರು?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳ ನಾಯಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಸಂಬಂಧಪಟ್ಟವರನ್ನು ಕೇಳದೆ ತಂದ ನಿಷೇಧ ಬಿದ್ದುಹೋದದ್ದು ಸರಿಯೇ. ಆದರೆ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಮಾತು ಇನ್ನೂ ತಳಿಯ ಸ್ವಭಾವದ ಸುತ್ತಲೇ ಗಿರಕಿ ಹೊಡೆಯುತ್ತಿದೆ.

ಸೇಂಟ್ ಬರ್ನಾರ್ಡ್ ಆ ಪಟ್ಟಿಯಲ್ಲಿರಲಿಲ್ಲ. ಸಾಧು, ಮಕ್ಕಳಿಗೆ ಹೇಳಿಮಾಡಿಸಿದ್ದು ಎನ್ನುತ್ತಾರೆ. ಸಾಧುವೇ. ಆದರೆ ವರ್ಷ ತುಂಬುವಷ್ಟರಲ್ಲಿ 50 ಕಿಲೋ ದಾಟುವ ಪ್ರಾಣಿ ಪ್ರೀತಿಯಿಂದ ಮೈಮೇಲೆ ಬಿದ್ದರೂ 15 ಕಿಲೋದ ಮಗು ನೆಲಕ್ಕುರುಳುತ್ತದೆ. ಆಲ್ಪ್ಸ್‌ನ ಹಿಮದ ತಳಿ ಏಪ್ರಿಲ್ ಸೆಕೆಯಲ್ಲಿ ಎಂಟನೇ ಮಹಡಿಯ ಟೈಲ್ಸ್ ಮೇಲೆ ಬಿದ್ದು ಏದುಸಿರು ಬಿಡುತ್ತಿರುತ್ತದೆ. ಅಪ್ಪ ಅಮ್ಮ ಮೀಟಿಂಗಿನಲ್ಲಿ. ಮಗು, ನಾಯಿ ಎರಡೂ ಕೆಲಸದಾಕೆಯ ಪಾಲಿಗೆ. ಮಗು ಕಿವಿ ಎಳೆದಾಗ ನಾಯಿ ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು ಎಚ್ಚರಿಕೆ ಎಂದು ಆಕೆಗೆ ಯಾರು ಹೇಳಿಕೊಟ್ಟಿದ್ದಾರೆ? ಕಚ್ಚಿತೋ, ಮೊದಲು ಹೋಗುವುದು ಆಕೆಯ ಕೆಲಸ. ಆಮೇಲೆ ನಾಯಿ ಬೀದಿಗೆ.

ಇದರ ಮೇಲೆ ಧರ್ಮರಾಯನ ನಾಯಿಯ ಕತೆ ಬೇರೆ ಹೇಳುತ್ತಾರೆ. (ಧರ್ಮರಾಯ ತಾನೇ ನಡೆದಿದ್ದ, ನಾಯಿ ಅಡ್ಡಾಡಿಸಲು ಸಂಬಳದ ಹುಡುಗನನ್ನು ಇಟ್ಟಿರಲಿಲ್ಲ.) ಮರಿ ಕೊಳ್ಳಲು ಹೊರಟವರನ್ನು ಅದರ ಸ್ವಭಾವ ಹೇಗೆಂದು ಕೇಳುವುದು ಬಿಡಿ. ಮುಂದಿನ ಎಂಟು ವರ್ಷ, ಬೆಳಿಗ್ಗೆ ಆರಕ್ಕೆ, ಈ ಮನೆಯಲ್ಲಿ ಅದರ ಚೈನು ಹಿಡಿಯುವವರು ಯಾರೆಂದು ಕೇಳಿ.