ತೋಟದ ಪುಟ: ಮಣ್ಣಿನ ಸಾಲ



ವಯನಾಡಿನ ಕಣಗಳಲ್ಲಿ ಕಾಫಿ ಒಣಗುವ ದಿನಗಳೆಂದರೆ ಮನೆಮನೆಯಲ್ಲಿಯೂ ಲೆಕ್ಕಾಚಾರದ ದಿನಗಳು. ಚೀಲವೆಷ್ಟಾಯಿತು, ಧಾರಣೆ ಎಷ್ಟು ಬಂದೀತು, ಕೂಲಿ ಕಳೆದು ಕೈಗೆ ಉಳಿಯುವುದೆಷ್ಟು ಎಂಬಿವೇ ಆ ಲೆಕ್ಕದ ಬಾಬುಗಳು. ಆದರೆ ಅದೇ ಪುಸ್ತಕದಲ್ಲಿ ನಾವು ಬರೆಯದೆಯೇ ಬಿಡುವ ಬಾಬು ಒಂದುಂಟು. ಅದು ಮಣ್ಣಿನಿಂದ ನಾವು ಪಡೆದ ಸಾಲ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಒಂದು ಟನ್ನು ಶುದ್ಧ ಕಾಫಿಬೀಜ ತೋಟದಿಂದ ಹೊರಟಿತೆಂದರೆ, ಅದರ ಹಣ್ಣಿನೊಡನೆ ಸುಮಾರು ನಲವತ್ತು ಕಿಲೋ ಸಾರಜನಕ, ಅದಕ್ಕೂ ಮಿಗಿಲಾದ ಪೊಟ್ಯಾಷ್, ಹತ್ತು ಕಿಲೋದೊಳಗಿನ ರಂಜಕ ಮಣ್ಣಿನಿಂದ ಎದ್ದುಹೋದಂತೆಯೇ ಸರಿ. ನಮ್ಮ ಕಡೆ ರೊಬಸ್ಟಾ ಹಣ್ಣನ್ನು ಹೆಚ್ಚಾಗಿ ಇಡಿಯಾಗಿಯೇ ಒಣಗಿಸಿ ಮಾರುತ್ತೇವೆ. ಒಣಗಿದ ಕಾಯಿಯ ತೂಕದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಸಿಪ್ಪೆಯೇ. ಆ ಸಿಪ್ಪೆಯಲ್ಲಿ ಪೊಟ್ಯಾಷ್ ಅಂಶ ವಿಪುಲವಾಗಿದೆ. ಬೀಜಕ್ಕೆ ಬೆಲೆ ಪಡೆದು ಸಿಪ್ಪೆಯನ್ನು ಪುಕ್ಕಟೆಯಾಗಿ ಗಿರಣಿಗೆ ಒಪ್ಪಿಸಿ, ಬಳಿಕ ಅದೇ ಪೊಟ್ಯಾಷನ್ನು ಅಂಗಡಿಯಿಂದ ಕೊಂಡು ತರುವ ನಮ್ಮ ವ್ಯವಹಾರವನ್ನು ಏನೆಂದು ಕರೆಯೋಣ?

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ಉಚಿತ. ನಮ್ಮ ಮನೆಯ ಮೂರು ಎಕರೆ ತೋಟಕ್ಕೆ ಹಿರಿಯರ ಕಾಲದಲ್ಲಿ ಕೊಟ್ಟಿಗೆಯ ಗೊಬ್ಬರವೇ ಆಧಾರವಾಗಿತ್ತು. ಮೇಯಿಸುವವರಿಲ್ಲವೆಂದು ದನಗಳನ್ನು ಮಾರಿದೆವು, ತಿಪ್ಪೆ ಬರಿದಾಯಿತು. ಅದರ ಬದಲಿಗೆ ಯೂರಿಯಾ ಬಂತು. ಜೂನ್ ತಿಂಗಳ ಮೊದಲ ಮಳೆಗೆ ವರ್ಷದ ಗೊಬ್ಬರವನ್ನೆಲ್ಲ ಒಮ್ಮೆಗೇ ಗಿಡದ ಬುಡಕ್ಕೆ ಸುರಿದು ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿಯಾಯಿತು. ಮೊದಲೆರಡು ವರ್ಷ ಗಿಡಗಳು ಕಪ್ಪಗೆ ಸೊಂಪಾಗಿ ಬೆಳೆದುವು, ನಾವು ಹಿಗ್ಗಿದೆವು. ಐದನೆಯ ವರ್ಷಕ್ಕೆ ಎಲೆ ಹಳದಿಯಾಯಿತು, ರೆಕ್ಕೆಗಳ ತುದಿ ಒಣಗತೊಡಗಿತು, ಕಾಯಿ ಕಟ್ಟುವ ಮೊದಲೇ ಉದುರಿತು. ಗೊಬ್ಬರ ಸಾಲದೆಂದು ಬಗೆದು ಇನ್ನೊಂದು ಚೀಲ ಹೆಚ್ಚಿಸಿದೆವು. ಇಳುವರಿ ಮತ್ತಷ್ಟು ಇಳಿಯಿತು. ಅತಿಯಾದರೆ ಅಮೃತವೂ ವಿಷವೆಂಬುದು ಆಗಲೂ ನಮಗೆ ಹೊಳೆಯಲಿಲ್ಲ.

ಕಡೆಗೆ ಮಣ್ಣಿನ ಪರೀಕ್ಷೆ ಮಾಡಿಸಿದೆವು. ವರದಿ ಬಂದಾಗ ಅದನ್ನು ಓದಿದವಳು ಮಲೆಯಾಳ ಶಾಲೆಯಲ್ಲಿ ಕಲಿತ ನಮ್ಮ ಸೊಸೆ. ರಸಸಾರ 4.6 ಎಂದು ಆಕೆ ಓದಿ ಹೇಳಿದಳು. ಒಲೆಯ ಬಳಿ ಕುಳಿತಿದ್ದ ಅಜ್ಜಿ, 'ಅಂದರೆ ಮಣ್ಣು ಹುಳಿಯಾಗಿದೆಯೇ?' ಎಂದು ಕೇಳಿದರು. ವರದಿಯ ಮೂರು ಪುಟದ ಸಾರವೆಲ್ಲ ಆ ಒಂದು ಕನ್ನಡ ಮಾತಿನಲ್ಲಿ ಅಡಗಿತ್ತು.

ಮಣ್ಣು ಹುಳಿಯಾಗುವ ಬಗೆಯನ್ನು ಅರಿತರೆ ಮದ್ದೂ ತಿಳಿಯುತ್ತದೆ. ನಮ್ಮ ಮಲೆಯ ಬಿರುಮಳೆ ಮಣ್ಣಿನ ಸುಣ್ಣ, ಮೆಗ್ನೀಸಿಯಂ ಅಂಶಗಳನ್ನು ತೊಳೆದೊಯ್ಯುತ್ತದೆ. ಯೂರಿಯಾ, ಅಮೋನಿಯಂ ಗೊಬ್ಬರಗಳು ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಡುವಾಗ ಆಮ್ಲವನ್ನು ಉಳಿಸುತ್ತವೆ. ಕಾಫಿಗೆ ಹಿತವಾದ ರಸಸಾರ 6ರಿಂದ 6.5. ಈ ಅಳತೆಯಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. 5ಕ್ಕಿಂತ ಕೆಳಗಿಳಿದಾಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ಕುಡಿಗಳನ್ನು ಮೊಂಡುಮಾಡುತ್ತದೆ. ರಂಜಕ ಕಬ್ಬಿಣ ಅಲ್ಯೂಮಿನಿಯಂಗಳೊಡನೆ ಬಿಗಿದುಕೊಂಡು ಗಿಡಕ್ಕೆ ಎಟುಕದಾಗುತ್ತದೆ. ಉಣ್ಣುವ ಬಾಯಿಯೇ ಹುಣ್ಣಾಗಿರುವಾಗ ಎಡೆಯಲ್ಲಿ ಎಷ್ಟು ಬಡಿಸಿದರೇನು? ನಮ್ಮ ಗಿಡಗಳ ಸ್ಥಿತಿ ಅದೇ ಆಗಿತ್ತು.

ಆದುದರಿಂದ ಮೊದಲ ಕೆಲಸ ಮಣ್ಣಿನ ಪರೀಕ್ಷೆ. ಗೊಬ್ಬರ ಹಾಕಿ ಎರಡು ಮೂರು ತಿಂಗಳಾದ ಮೇಲೆ, ತೋಟದ ಎಂಟು ಹತ್ತು ಕಡೆ ತರಗೆಲೆ ಸರಿಸಿ, ಒಂಬತ್ತು ಅಂಗುಲ ಆಳದವರೆಗೆ ಮಣ್ಣು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತ, ಅರ್ಧ ಕಿಲೋ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಿ ಕಳುಹಿಸಬೇಕು. ತಗ್ಗು ಗದ್ದೆಯಂಚಿನ ಮಣ್ಣನ್ನೂ ಗುಡ್ಡದ ಮಣ್ಣನ್ನೂ ಒಂದೇ ಚೀಲದಲ್ಲಿ ಬೆರೆಸಬಾರದು. ವಯನಾಡಿನವರಿಗೆ ಚುಂಡೇಲಿನಲ್ಲಿ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನ ಕೇಂದ್ರವಿದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನೆಯ ಬಳ್ಳಿಯೇ ಇಲ್ಲಿಯವರೆಗೂ ಹಬ್ಬಿದೆ.

ಎರಡನೆಯದು ಸುಣ್ಣ. ವರದಿ ಹೇಳಿದಷ್ಟೇ ಪ್ರಮಾಣದಲ್ಲಿ, ಮಳೆಗಾಲ ಹಿಂದೆಗೆದು ಮಣ್ಣಿನಲ್ಲಿ ತೇವ ಇನ್ನೂ ಇರುವಾಗ, ತೋಟದ ತುಂಬ ಎರಚಬೇಕು. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಒಂದು ತಿಂಗಳಾದರೂ ಅಂತರವಿರಲಿ. ಎರಡೂ ಒಂದುಗೂಡಿದರೆ ಸಾರಜನಕ ಗಾಳಿಗೆ ಹಾರಿಹೋಗುವುದು, ರಂಜಕ ಕಟ್ಟಿಬೀಳುವುದು. ಹುಳಿಮಣ್ಣಿಗೆ ರಂಜಕವನ್ನು ಶಿಲಾರಂಜಕದ ರೂಪದಲ್ಲಿ ಕೊಟ್ಟರೆ ಅದು ಮೆಲ್ಲಮೆಲ್ಲನೆ ಕರಗಿ ಗಿಡಕ್ಕೆ ಒದಗುತ್ತದೆ.

ಮೂರನೆಯದು ಗೊಬ್ಬರವನ್ನು ಹಂಚಿ ಕೊಡುವುದು. ಹೂಮಳೆಗೆ ಮುನ್ನ, ಹೂವಾದ ಬಳಿಕ ಮುಂಗಾರಿಗೆ ಮುಂಚೆ, ಮಳೆಗಾಲ ತಗ್ಗಿದ ಮೇಲೆ, ಹೀಗೆ ಮೂರು ಕಂತು ರೂಢಿಯಲ್ಲಿವೆ. ಒಂದು ಲೆಕ್ಕ ನೋಡಿರಿ. ವರದಿಯಲ್ಲಿ ಎಕರೆಗೆ ವರ್ಷಕ್ಕೆ ನಲವತ್ತು ಕಿಲೋ ಸಾರಜನಕವೆಂದು ಬರೆದಿದೆಯೆಂದಿಟ್ಟುಕೊಳ್ಳೋಣ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಆದುದರಿಂದ ಬೇಕಾಗುವುದು 87 ಕಿಲೋ, ಅಂದರೆ 45 ಕಿಲೋದ ಎರಡು ಚೀಲಕ್ಕಿಂತ ತುಸು ಕಡಮೆ. ಹತ್ತಡಿಗೊಂದರಂತೆ ನೆಟ್ಟ ಎಕರೆಯಲ್ಲಿ 435 ಗಿಡ. ಗಿಡಕ್ಕೆ ವರ್ಷಕ್ಕೆ 200 ಗ್ರಾಂ, ಕಂತಿಗೆ 70 ಗ್ರಾಮಿಗೂ ಕಡಮೆ! ನಾವು ಹಿಂದೆ ಬೊಗಸೆ ತುಂಬ ಸುರಿಯುತ್ತಿದ್ದುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್ ಜುಲೈ ತಿಂಗಳ ಮಳೆಯೊಡನೆ ತೋಡು ಸೇರಿತಲ್ಲದೆ ಗಿಡ ಸೇರಲಿಲ್ಲ.

ರೊಬಸ್ಟಾದ ಉಣ್ಣುವ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ಆದುದರಿಂದ ಆಳವಾಗಿ ಅಗೆಯುವುದು ಬೇರಿಗೆ ಕತ್ತರಿ ಹಾಕಿದಂತೆ. ಕಾಂಡದಿಂದ ಒಂದಡಿಗೂ ಮಿಗಿಲು ದೂರ ಬಿಟ್ಟು, ರೆಕ್ಕೆಗಳ ನೆರಳಿನ ಸುತ್ತಿನಲ್ಲಿ ತರಗೆಲೆ ಸರಿಸಿ ಗೊಬ್ಬರವೆರಚಿ, ಮತ್ತೆ ಅದೇ ತರಗೆಲೆಯನ್ನು ಹೊದಿಸಬೇಕು.

ನಾಲ್ಕನೆಯದೇ ಎಲ್ಲಕ್ಕೂ ಮೂಲ: ಮಣ್ಣಿಗೆ ಅನ್ನ. ರಾಸಾಯನಿಕ ಗೊಬ್ಬರ ಗಿಡಕ್ಕೆ ಉಣಿಸಬಲ್ಲುದೇ ಹೊರತು ಮಣ್ಣಿನಲ್ಲಿ ಬಾಳುವ ಎರೆಹುಳು, ಸೂಕ್ಷ್ಮಜೀವಿಗಳಿಗೆ ಉಣಿಸಲಾರದು. ಸಿಪ್ಪೆಯನ್ನು ಗಿರಣಿಯಿಂದ ಮರಳಿ ತನ್ನಿರಿ. ಹಸಿಯಾಗಿ ಬುಡಕ್ಕೆ ಒಟ್ಟದೆ, ಸೆಗಣಿ ಹಸಿರೆಲೆಗಳೊಡನೆ ಪದರಪದರವಾಗಿ ಹೂಡಿ, ಮಗುಚಿ, ಮಾಗಿಸಿ ಬಳಸಿರಿ. ಇಳಿಜಾರಿಗೆ ಅಡ್ಡಲಾಗಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆದರೆ, ಹರಿಯುವ ನೀರು ನಿಲ್ಲುತ್ತದೆ, ಕೊಚ್ಚಿಹೋಗುವ ಮೇಲ್ಮಣ್ಣು ಅಲ್ಲಿಯೇ ತಂಗುತ್ತದೆ, ಬಿದ್ದ ಎಲೆ ಅಲ್ಲಿಯೇ ಗೊಬ್ಬರವಾಗುತ್ತದೆ. ಹಾಲುವಾಣದ ಮರ ನೆರಳನ್ನೂ ಕೊಟ್ಟು, ಗಾಳಿಯ ಸಾರಜನಕವನ್ನೂ ಬೇರಿನ ಗಂಟುಗಳಲ್ಲಿ ಹಿಡಿದಿಟ್ಟು, ಮೆಣಸಿನ ಬಳ್ಳಿಗೂ ಆಸರೆಯಾಗುತ್ತಿತ್ತು. 2005ರ ಸುಮಾರಿಗೆ ಗಂಟುಕಣಜದ ಪಿಡುಗು ಬಂದು ಅನೇಕ ತೋಟಗಳಲ್ಲಿ ಅದು ಸತ್ತುಹೋಯಿತು. ಅದರ ತಾಣವನ್ನು ಸಿಲ್ವರ್ ಓಕ್ ಒಂದಕ್ಕೇ ಬಿಟ್ಟುಕೊಡದೆ, ಗೊಬ್ಬರದ ಗಿಡ, ಹಲಸು, ಅತ್ತಿಗಳಂತಹ ಬಗೆಬಗೆಯ ಮರಗಳನ್ನು ಬೆಳೆಸುವುದು ಲೇಸು.

ಹೀಗೆಲ್ಲ ಮಾಡಿದ ಮೇಲೆಯೂ ನಮ್ಮ ತೋಟ ಚೇತರಿಸಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ಕೆಡಿಸಿದಷ್ಟು ಬೇಗ ಮಣ್ಣನ್ನು ಸರಿಪಡಿಸಲಾಗದು. 2024ರಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಮಗನು, 'ಈ ಸಲ ಯೂರಿಯಾ ಇಮ್ಮಡಿ ಹಾಕೋಣ, ಬೆಲೆ ಇರುವಾಗಲೇ ಬಾಚಿಕೊಳ್ಳೋಣ' ಎಂದ. ನಾವು ಬೈಯಲಿಲ್ಲ, ಹಳೆಯ ವರದಿಯ ಹಾಳೆಯನ್ನು ತೆಗೆದು ಅವನ ಕೈಗಿತ್ತೆವು. ಅವನು ಓದಿ ಸುಮ್ಮನಾದ. ಮರುದಿನ ಬೆಳಗ್ಗೆ ಸಿಪ್ಪೆ ತರಲು ಗಿರಣಿಗೆ ಹೊರಟವನು ಅವನೇ. ಈಗ ಕೊಟ್ಟಿಗೆಯಲ್ಲಿ ಮತ್ತೆ ಎರಡು ಹಸುಗಳಿವೆ.

ವಯನಾಡಿನಲ್ಲಿರಲಿ, ನೀಲಗಿರಿಯ ಗೂಡಲೂರಿನಲ್ಲಿರಲಿ, ಗಡಿಯಾಚೆಗಿನ ನಾವು ಮಕ್ಕಳಿಗೆ ಬಿಟ್ಟುಹೋಗುವುದು ಎರಡೇ: ಮನೆಯ ಮಾತು, ಕಾಲ ಕೆಳಗಿನ ಮಣ್ಣು. ಎರಡೂ ಬಳಸುತ್ತ ಪೋಷಿಸಿದರೆ ಉಳಿಯುತ್ತವೆ. ಹೂಮಳೆ ಬರುವ ಮೊದಲು ಒಮ್ಮೆ ತೋಟಕ್ಕೆ ಹೋಗಿ, ಒಂದು ಹಿಡಿ ಮಣ್ಣು ಎತ್ತಿ ನೋಡಿರಿ. ಅದರಲ್ಲಿ ಎರೆಹುಳು ಕಂಡಿತೋ ಇಲ್ಲವೋ ಎಂಬುದನ್ನು ಈ ವರ್ಷದ ಲೆಕ್ಕದ ಪುಸ್ತಕದ ಮೊದಲ ಸಾಲಿನಲ್ಲಿ ಬರೆದುಕೊಳ್ಳಿರಿ.